ಪದಚರ್ಚೆ: ‘ಏಲಿಯನೇಶನ್’ಗೆ ಪರಕೀಯತೆಯೋ, ಪರಭಾರೆಯೋ, ಅನ್ಯಾಧೀನತೆಯೋ?

ಮಾನ್ಯರೇ,

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ಇಂಗ್ಲಿಷಿನಲ್ಲಿ ಓದಿ, ಪರೀಕ್ಷೆ ಮುಗಿದೊಡನೆ ಬದಿಗಿಟ್ಟಿದ್ದ ಮಾರ್ಕ್ಸನ 1844ರ ಹಸ್ತಪ್ರತಿಗಳನ್ನು ಈಗ ಮಂಜೇಶ್ವರದಲ್ಲಿ ಮತ್ತೆ ಓದುತ್ತಾ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ‘ಹೆಚ್ಚುವರಿ ಮೌಲ್ಯ’, ‘ಉತ್ಪಾದನಾ ಸಂಬಂಧ’ ಮುಂತಾದವು ನೆಲೆಯೂರಿದ ಪದಗಳು, ಅವುಗಳಲ್ಲಿ ತೊಡಕಿಲ್ಲ. ತೊಡಕಿರುವುದು, ದುಡಿಯುವವನು ತನ್ನ ದುಡಿಮೆಗೂ ಅದರ ಫಲಕ್ಕೂ ಹೊರಗಿನವನಾಗುವುದನ್ನು ಹೇಳುವ ‘ಏಲಿಯನೇಶನ್’ನಲ್ಲಿ.

ರೂಢಿಯಲ್ಲಿರುವುದು ‘ಪರಕೀಯತೆ’. ಆದರೆ ನವ್ಯ ವಿಮರ್ಶೆಯ ‘ಪರಕೀಯ ಪ್ರಜ್ಞೆ’ಯಿಂದಾಗಿ ಒಂಟಿ ವ್ಯಕ್ತಿಯ ಮನಃಸ್ಥಿತಿ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಮಾರ್ಕ್ಸನ ಮಾತು ಮೊದಲಿಗೆ ಮನಃಸ್ಥಿತಿಯದಲ್ಲ: ದುಡಿಯುವವನ ಕೈಯಿಂದ ಹುಟ್ಟಿದ ವಸ್ತುವೇ ಅವನಿಗೆದುರಾಗಿ ನಿಂತು ಅವನನ್ನು ಆಳುತ್ತದೆ, ಆಮೇಲೆ ದುಡಿಮೆಯೂ, ಮನುಷ್ಯಸ್ವಭಾವವೂ, ಸಹಮಾನವರೂ ಅವನಿಗೆ ಹೊರಗಿನವಾಗುತ್ತವೆ. ನಮ್ಮ ಕಡೆ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸು ಗುತ್ತಿಗೆದಾರನ ಎಲೆ, ಹೊಗೆಸೊಪ್ಪು ತಂದು, ಕಟ್ಟಿದ್ದನ್ನು ಬೀಡಿ ಸಂಗ್ರಹಿಸುವ ಬ್ರಾಂಚಿಗೆ ಒಪ್ಪಿಸಿ ಬರುವಾಗ ನೆರೆಯವರೊಡನೆ ನಗುತ್ತಲೇ ಇರಬಹುದು. ಹಾಗಿದ್ದರೂ ಮಾರ್ಕ್ಸ್ ಹೇಳುವ ಸಂಬಂಧ ಅಲ್ಲಿ ಇದ್ದೇ ಇದೆ.

ಮೂಲ ಜರ್ಮನಿನಲ್ಲಿ ಎರಡು ಪದಗಳಿವೆ. ‘ಎಂಟ್‌ಫ್ರೆಮ್‌ಡುಂಗ್’ನೊಳಗೆ ‘ಅನ್ಯ’ ಎಂಬರ್ಥದ ಪದವಿದೆ. ‘ಎಂಟ್‌ಆಯ್ಸರುಂಗ್’ನಲ್ಲಿ ಹೊರಹಾಕುವ, ಬಿಟ್ಟುಕೊಡುವ ಅರ್ಥವಿದ್ದು, ಆಸ್ತಿಯ ಹಸ್ತಾಂತರವೂ ಅದರ ವ್ಯಾಪ್ತಿಯೊಳಗೆ ಬರುತ್ತದೆ. ಈ ಎರಡನೆಯದಕ್ಕೆ ನಮ್ಮ ದಸ್ತಾವೇಜುಗಳ ‘ಪರಭಾರೆ’ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಅನಿಸಿಕೆ, ಸಾಹಿತ್ಯದ ಮಂದಿಗೆ ಅದು ಸಬ್‌ರಿಜಿಸ್ಟ್ರಾರ್ ಕಚೇರಿಯ ವಾಸನೆ ಹೊಡೆದರೂ. ಮೊದಲನೆಯದಕ್ಕೆ ಅದು ಸಾಲದು, ಏಕೆಂದರೆ ಪರಭಾರೆ ಮಾಡುವವನು ತಾನಾಗಿ ಸಹಿ ಹಾಕುವ ಒಡೆಯ.

ಮಲಯಾಳಂ ಬರೆಹಗಳಲ್ಲಿ ‘ಅನ್ಯವಲ್ಕರಣಂ’ ಎಂಬ ಪದ ಬಳಕೆಯಲ್ಲಿದೆ. ಅದಕ್ಕಿಂತ ನನ್ನನ್ನು ಸೆಳೆದದ್ದು ಆದಿವಾಸಿಗಳ ಕೈತಪ್ಪಿದ ನೆಲವನ್ನು ಕುರಿತು ಅಲ್ಲಿ ಹೇಳುವ ‘ಅನ್ಯಾಧೀನಪ್ಪೆಟ್ಟ ಭೂಮಿ’ ಎಂಬ ಮಾತು. ‘ಅನ್ಯಾಧೀನ’ ಕನ್ನಡಕ್ಕೂ ಸಲ್ಲುವ ಪದ. ಕಳೆದುಕೊಂಡದ್ದು, ಇನ್ನೊಬ್ಬರ ಹಿಡಿತಕ್ಕೆ ಹೋದದ್ದು ಎರಡೂ ಅದರಲ್ಲಿವೆ. ಆದ್ದರಿಂದ ದುಡಿಮೆ ಮತ್ತು ಅದರ ಫಲದ ಮಟ್ಟಿಗೆ ನಾನು ‘ಅನ್ಯಾಧೀನತೆ’ಯ ಪರ. ಆದರೆ ಮನುಷ್ಯ ಮನುಷ್ಯನಿಗೆ ಹೊರಗಿನವನಾಗುವ ಕಡೆ ಈ ಪದ ಕೈಕೊಡುತ್ತದೆ. ಅಲ್ಲಿ ‘ಪರಕೀಯ’ವನ್ನೇ ಉಳಿಸಿಕೊಳ್ಳಬೇಕಾಗುತ್ತದೆ. ಒಂದೇ ಪರಿಕಲ್ಪನೆಗೆ ಹೀಗೆ ಎರಡು ಪದ ಬಳಸುವುದು ಸರಿಯೇ? ‘ಅನ್ಯಾಧೀನತೆ’ಯನ್ನು ಈ ಅರ್ಥದಲ್ಲಿ ಕನ್ನಡದಲ್ಲಿ ಮೊದಲೇ ಯಾರಾದರೂ ಬಳಸಿದ್ದಾರೆಯೇ? ಘಟ್ಟದ ಮೇಲಿನ ಓದುಗರ ಕಿವಿಗೆ ಅದು ಮಲಯಾಳದಂತೆ ಕೇಳಿಸುತ್ತದೆಯೇ? ತಿಳಿದವರು ದಯವಿಟ್ಟು ಬಳಕೆಯ ಉದಾಹರಣೆಯೊಡನೆ ತಿಳಿಸಬೇಕು.