ಆರ್‌ಎಂಎಸ್, ಸೆನ್ಸಿಟಿವಿಟಿ, ಗೇನ್: ಕಾರ್ ಆಡಿಯೊ ಮಾತುಗಳಿಗೆ ಕನ್ನಡದಲ್ಲಿ ಏನನ್ನೋಣ?

ಸ್ನೇಹಿತರೇ,

ಕಾರಿಗೆ ಬೇರೆ ಆಡಿಯೊ ಸಿಸ್ಟಂ ಹಾಕಿಸಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾವ ಸ್ಪೀಕರಿಗೆ ಯಾವ ಆಂಪ್ಲಿಫೈಯರ್ ಹೊಂದುತ್ತದೆ, ಸಬ್‌ವೂಫರ್ (ತೀರಾ ಕೆಳಗಿನ ದನಿಗೆಂದೇ ಇರುವ ದೊಡ್ಡ ಸ್ಪೀಕರ್) ಬೇಕಾ ಬೇಡವಾ, ಇಂಥ ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಸಾಮಾನುಗಳ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಸ್ಪೀಕರ್, ಆಂಪ್ಲಿಫೈಯರ್, ಟ್ವೀಟರ್ (ಮೇಲಿನ ದನಿಯ ಸಣ್ಣ ಸ್ಪೀಕರ್), ಫ್ಯೂಸ್ ಎಲ್ಲ ಹಾಗೇ ಇರಲಿ. ‘ಧ್ವನಿವರ್ಧಕ’ ಇದೆಯಲ್ಲ ಅನ್ನಬಹುದು. ಆದರೆ ಅದನ್ನು ಸ್ಪೀಕರಿಗೂ ಹೇಳುತ್ತೇವೆ, ಆಂಪ್ಲಿಫೈಯರಿಗೂ ಹೇಳುತ್ತೇವೆ. ಸಭೆಯಲ್ಲಿ ಅದರಿಂದ ತೊಂದರೆ ಇಲ್ಲ. ಎರಡನ್ನೂ ಬೇರೆ ಬೇರೆ ಕೊಳ್ಳುವವರಿಗೆ ಮಾತ್ರ ಗೊಂದಲ. ನಿಜವಾದ ತೊಡಕು ಅಳತೆಯ ಮಾತುಗಳಲ್ಲಿದೆ. ಪೆಟ್ಟಿಗೆ ಮೇಲಿನ ಅಂಕಿ ಏನು ಹೇಳುತ್ತಿದೆ ಎಂದು ಗೊತ್ತಾಗದಿದ್ದರೆ ಆಯ್ಕೆಯೇ ಕೆಡುತ್ತದೆ. ಅಲ್ಲಿ ಕನ್ನಡದ ಪದ ಬೇಕೇ ಬೇಕು ಅನ್ನುವುದು ನನ್ನ ನಿಲುವು.

ಮೊದಲನೆಯದು ಆರ್‌ಎಂಎಸ್. ಇದನ್ನು ಬಿಡಿಸಿ ಹೇಳಿದರೆ ‘ವರ್ಗಗಳ ಸರಾಸರಿಯ ವರ್ಗಮೂಲ’ ಆಗುತ್ತದೆ. ಲೆಕ್ಕ ಸರಿ, ಆದರೆ ಕೊಳ್ಳುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಜೊತೆಗೆ ಆ ಲೆಕ್ಕ ಮಾಡುವುದು ವೋಲ್ಟೇಜಿಗೆ, ವಾಟಿಗಲ್ಲ. ಆರ್‌ಎಂಎಸ್ ವಾಟ್ ಅಂತ ನಾವು ಕರೆಯುವುದು ನಿಜಕ್ಕೂ ಸರಾಸರಿ ಶಕ್ತಿ. ಬಿಡುವಿಲ್ಲದೆ ಆಂಪ್ಲಿಫೈಯರ್ ಎಷ್ಟು ಕೊಡಬಲ್ಲದು, ಸ್ಪೀಕರ್ ಎಷ್ಟು ತಾಳಬಲ್ಲದು ಅನ್ನುವ ಅಳತೆ ಅದು. ಅದಕ್ಕೇ ‘ಸತತ ವಾಟ್’ ಅನ್ನಬೇಕೆಂದಿದ್ದೇನೆ.

ಇದರ ಎದುರು ನಿಲ್ಲುವುದು ಪೀಕ್ ಅಥವಾ ಮ್ಯಾಕ್ಸ್. ‘ಗರಿಷ್ಠ’ ಅಂದುಬಿಡೋಣ ಅನ್ನಿಸುತ್ತದೆ. ಅದು ಬೇಡ. ಗರಿಷ್ಠ ವೇಗ, ಗರಿಷ್ಠ ಭಾರ ಅಂದಾಗ ಅಲ್ಲಿಯವರೆಗೆ ಹೋಗಬಹುದು ಎಂದೇ ನಾವು ತಿಳಿಯುತ್ತೇವೆ. ಸ್ಪೀಕರಿನ ಪೀಕ್ ಅಂಕಿ ಹಾಗಲ್ಲ. ಅಷ್ಟು ಶಕ್ತಿಯನ್ನು ಬಿಡದೆ ಹರಿಸಿದರೆ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್ ಸುಟ್ಟುಹೋಗುತ್ತದೆ. ‘ಕ್ಷಣದ ವಾಟ್’ ಅಂದರೆ ಎಚ್ಚರಿಕೆ ಪದದಲ್ಲೇ ಬಂದುಬಿಡುತ್ತದೆ, ಅಲ್ವಾ?

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸ್ಟೀರಿಯೊ) ನೋಡಿದರೆ ಗೊತ್ತಾಗುತ್ತದೆ. ಬಹಳಷ್ಟು ಯೂನಿಟ್‌ಗಳ ಮುಖದ ಮೇಲೆ ‘50 ವಾಟ್ x 4’ ಅಂತ ಇರುತ್ತದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಸ್ಪೀಕರ್ 4 ಓಮ್. ಒಳಗಿನ ಚಿಪ್ ಸ್ಪೀಕರಿನ ಎರಡೂ ತುದಿಯನ್ನು ನಡೆಸುವುದರಿಂದ ಅಲೆಯ ತುದಿ ಹೆಚ್ಚೆಂದರೆ 14.4 ವೋಲ್ಟ್ ಮುಟ್ಟಬಹುದು. ಶುದ್ಧ ಅಲೆಯ ಆರ್‌ಎಂಎಸ್ ಲೆಕ್ಕದಲ್ಲಿ ಇದು 10.2 ವೋಲ್ಟಿಗೆ ಸಮ. ಅದರ ವರ್ಗವನ್ನು 4ರಿಂದ ಭಾಗಿಸಿದರೆ 26 ವಾಟ್. ಚಿಪ್ಪಿನೊಳಗಿನ ನಷ್ಟ ಕಳೆದರೆ 20ರ ಆಸುಪಾಸು. ಹಾಗಾದರೆ 50 ಎಲ್ಲಿಂದ ಬಂತು? 14.4ನ್ನೇ ನೇರ ವರ್ಗ ಮಾಡಿ 4ರಿಂದ ಭಾಗಿಸಿ ನೋಡಿ, 51.8 ಬರುತ್ತದೆ. ಅಂದರೆ ಅಲೆ ಪೂರಾ ಚೌಕವಾಗಿ, ಕೇಳಲಾಗದಷ್ಟು ಒಡೆದಾಗಿನ ಅಂಕಿ ಅದು. ಆಂಪ್ಲಿಫೈಯರಿನ ಮೇಲೆ ವಾಟ್ ಅಳೆಯುವ ಮಾನದಂಡವಾದ ಸಿಇಎ-2006, ಅಂದರೆ ಈಗಿನ ಸಿಟಿಎ-2006 ಗುರುತಿದ್ದರೆ ಈ ಗೊಂದಲ ಇರುವುದಿಲ್ಲ. 14.4 ವೋಲ್ಟ್, 4 ಓಮ್, ದನಿಯ ವಿಕೃತಿ (ಡಿಸ್ಟಾರ್ಷನ್) ಶೇ. 1 ಮೀರದಂತೆ ಅಳೆದ ವಾಟನ್ನೇ ಅಲ್ಲಿ ಬರೆಯಬೇಕು.

ಎರಡನೆಯದು ಸೆನ್ಸಿಟಿವಿಟಿ. ಪದಕೋಶದ ದಾರಿ ಹಿಡಿದರೆ ‘ಸೂಕ್ಷ್ಮತೆ’. ಇದು ಪೂರ್ತಿ ದಾರಿ ತಪ್ಪಿಸುತ್ತದೆ. ಸೂಕ್ಷ್ಮವಾದ ಸ್ಪೀಕರ್ ಅಂದರೆ ನಾಜೂಕಾದದ್ದು, ಜೋರಾಗಿ ಹಾಕಿದರೆ ಹಾಳಾಗುತ್ತದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಅನ್ನುವುದು ಇದರ ಅರ್ಥ. ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಹಾಗೆ ವಾಟಿಗೆ ಎಷ್ಟು ದನಿ. ಹಾಗಾಗಿ ‘ದನಿ ಮೈಲೇಜ್’ ಅನ್ನಬಹುದೇ? ಕಾರಿನವರಿಗೆ ಥಟ್ಟನೆ ಹತ್ತುತ್ತದೆ. ಇದು ಸಣ್ಣ ವಿಷಯವಲ್ಲ. 87 ಡೆಸಿಬೆಲ್ಲಿನ ಸ್ಪೀಕರ್ 90ರ ಸ್ಪೀಕರಿನಷ್ಟೇ ದನಿ ಕೊಡಬೇಕಾದರೆ ಅದಕ್ಕೆ ಎರಡರಷ್ಟು ವಾಟ್ ಬೇಕು. ಬೇರೆ ಆಂಪ್ಲಿಫೈಯರ್ ಇಲ್ಲದೆ ಹೆಡ್ ಯೂನಿಟ್ಟಿನಿಂದಲೇ ನಡೆಸುವವರು ವಾಟಿಗಿಂತ ಮೊದಲು ನೋಡಬೇಕಾದ ಅಂಕಿ ಇದೇ.

ಮೂರನೆಯದು ಗೇನ್. ‘ಲಾಭ’ ಅಂತೂ ಅಲ್ಲ. ‘ಗಳಿಕೆ’ ಅಂದರೂ ಜಾಸ್ತಿ ತಿರುಗಿಸಿದಷ್ಟೂ ಒಳ್ಳೆಯದು ಅನ್ನುವ ಭಾವನೆ ಬರುತ್ತದೆ. ಆಂಪ್ಲಿಫೈಯರಿನ ಆ ಗುಂಡಿ ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ಟಿನಿಂದ 2 ವೋಲ್ಟ್ ಬರುತ್ತದೋ 4 ವೋಲ್ಟ್ ಬರುತ್ತದೋ, ಅದಕ್ಕೆ ಆಂಪ್ಲಿಫೈಯರನ್ನು ಹೊಂದಿಸಿಕೊಳ್ಳಲು ಇರುವುದು. ನನಗೆ ‘ಹದ’ ತುಂಬ ಹಿಡಿಸಿದೆ. ‘ಗೇನ್ ಏರಿಸಿ’ ಅನ್ನುವ ಬದಲು ‘ಹದ ಮಾಡಿ’ ಅಂದರೆ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂದು ತಾನೇ ತಿಳಿಯುತ್ತದೆ.

ಹದ ಮೀರಿದಾಗ ಆಗುವುದು ಕ್ಲಿಪ್ಪಿಂಗ್. ಇಲ್ಲಿ ಎರಡು ಪದ ಇಟ್ಟುಕೊಂಡರೆ ಚೆನ್ನ ಅನ್ನಿಸಿದೆ. ಅಲೆಯ ತಲೆ ಕತ್ತರಿಸಿ ಹೋಗುವುದಕ್ಕೆ ‘ಮೊಟಕು’, ಅದು ಕಿವಿಗೆ ಕೇಳುವ ಬಗೆಗೆ ‘ಒಡಕು’. ದನಿ ಒಡೆಯಿತು ಅಂತ ಹೇಗೂ ಹೇಳುತ್ತೇವೆ. ಎರಡೂ ಒಂದೇ ಅಲ್ಲ. ಮೊಟಕು ಸ್ವಲ್ಪವೇ ಇದ್ದಾಗ ಒಡಕು ಕಿವಿಗೆ ಬೀಳದೆಯೂ ಇರಬಹುದು. ಅದನ್ನು ಮೀರಿ ಏರಿಸುತ್ತ ಹೋದರೆ ಟ್ವೀಟರ್ ಸುಡುವ ಅಪಾಯ ಇದೆ.

ಬೇಸ್, ಮಿಡ್, ಟ್ರೆಬಲ್‌ಗೆ ಮಂದ್ರ, ಮಧ್ಯ, ತಾರ ಇಡಬಹುದು ಅನ್ನುವ ಸಲಹೆ ಸಹಜವಾಗಿ ಬರುತ್ತದೆ. ಕೇಳಲು ಬಹಳ ಚೆಂದ. ಆದರೆ ಲೆಕ್ಕ ಹೊಂದುವುದಿಲ್ಲ. ಹಾಡುಗಾರರ ಶ್ರುತಿ 130 ಹರ್ಟ್ಸ್ ಹತ್ತಿರ ಇದ್ದರೆ ಮಂದ್ರ ಷಡ್ಜ 65, ತಾರ ಷಡ್ಜ 260. ಟ್ವೀಟರ್ ಕೆಲಸ ಶುರುವಾಗುವುದು ಸಾಮಾನ್ಯವಾಗಿ 3000 ಹರ್ಟ್ಸ್ ಸುತ್ತಮುತ್ತ. ಅಲ್ಲಿ ಯಾರ ತಾರಸ್ಥಾಯಿಯೂ ಇಲ್ಲ. ಇರುವುದು ದನಿಯ ಮೇಲಿನ ಎಳೆಗಳು, ಸ-ಶ-ಚ ಅಕ್ಷರಗಳ ಸೊಗಡು, ತಾಳದ ಕಿಣಿ. ಮೇಲಾಗಿ ಸ್ಥಾಯಿ ಶ್ರುತಿಯ ಜೊತೆ ಸರಿಯುತ್ತದೆ, ಹರ್ಟ್ಸ್ ಸರಿಯುವುದಿಲ್ಲ. ಸಬ್‌ವೂಫರಿಗೆ 80 ಹರ್ಟ್ಸ್‌ನಲ್ಲಿ ಗಡಿ ಹಾಕಿ ಅಂತ ಬರೆಯುವಾಗ ಮಂದ್ರ ಅಂದರೆ ಓದುಗರು ಹಾಡಿನ ಮಂದ್ರ ಎಂದುಕೊಳ್ಳುತ್ತಾರೆ. ‘ಕೆಳದನಿ, ನಡುದನಿ, ಮೇಲುದನಿ’ ಸಾಕು ಅಂತ ನನ್ನ ಎಣಿಕೆ.

ಕೆಲವು ಕಡೆ ಹೊಸದೇನೂ ಬೇಕಿಲ್ಲ. ಎರಡು 4 ಓಮ್ ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರದಲ್ಲಿ 2 ಓಮ್. ಶಾಲೆಯ ಪದಗಳೇ ಅಚ್ಚುಕಟ್ಟಾಗಿ ಕೆಲಸ ಮಾಡುತ್ತವೆ.

ಕೊನೆಯದು ‘ಕಾಂಪೊನೆಂಟ್’. ಇದಕ್ಕೆ ಎರಡು ಅರ್ಥ ಇದೆ. ಸಿಸ್ಟಂನ ಯಾವುದೇ ಅಂಗ ಅನ್ನುವುದು ಒಂದು. ವೂಫರ್, ಟ್ವೀಟರ್, ಕ್ರಾಸ್‌ಓವರ್ (ಕೆಳದನಿ, ಮೇಲುದನಿಯನ್ನು ಬೇರ್ಪಡಿಸಿ ಆ ಎರಡಕ್ಕೆ ಹಂಚುವ ಅಂಗ) ಬೇರೆ ಬೇರೆಯಾಗಿ ಬರುವ ಸ್ಪೀಕರ್ ಸೆಟ್ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ‘ಬಿಡಿಭಾಗ’ ಅಂದರೆ ಕೆಟ್ಟಾಗ ಬದಲಿಸುವ ಸ್ಪೇರ್ ಪಾರ್ಟ್ ಅನ್ನಿಸುತ್ತದೆ. ಹಾಗಾಗಿ ‘ಅಂಗ’ ಅಂತ ಬರೆದಿದ್ದೇನೆ. ಎರಡನೆಯದಕ್ಕೆ ‘ಬಿಡಿ ಸೆಟ್’. ವೂಫರಿನ ನಡುವೆಯೇ ಟ್ವೀಟರ್ ಕೂತಿರುವ ಕೋಆಕ್ಸಿಯಲ್‌ಗೆ ಮಾತ್ರ ಒಳ್ಳೆಯ ಜೋಡಿಪದ ಸಿಕ್ಕಿಲ್ಲ. ‘ಏಕಾಕ್ಷ’ ಅಂದರೆ ಒಕ್ಕಣ್ಣಿನ ನೆನಪು ಬರುತ್ತದೆ. ‘ಕೂಡು ಸ್ಪೀಕರ್’ ಹೇಗಿದೆ? ಇದಕ್ಕಿಂತ ಸಲೀಸಾದ ಪದ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ‘ದನಿ ಮೈಲೇಜ್’ ಅಚ್ಚಿನಲ್ಲಿ ತೀರಾ ಹಗುರವಾಯಿತು ಅನ್ನಿಸಿದರೆ ಅದನ್ನೂ ಹೇಳಿ.