ಸಿಮಿಲೌನ್ ಹತ್ತೂ ಅಳಿಯಗ, ಮೊದಲ ಗಡಿಯಾರದ ಮಾತು

ಅಳಿಯಾ, ನಿನ್ನ ಮೆಸೇಜ್ ಕೇಳ್ದೆ. ಮ್ಯೂನಿಕ್‌ದಿಂದ ಮೂರು ಮಂದಿ ಶುಕ್ರವಾರ ರಾತ್ರಿ ಹೊಂಟು, ರವಿವಾರ ರಾತ್ರಿ ವಾಪಸ್, ನಡುವ ಆಸ್ಟ್ರಿಯಾದ ಎಟ್ಸ್‌ಟಾಲ್ ಆಲ್ಪ್ಸ್‌ನಾಗ ಸಿಮಿಲೌನ್ ಹತ್ತೂದು. ಬಾದಾಮಿ ಬಂಡಿ ಹತ್ತಿ ಕೈ ಪಳಗ್ಯಾವು, ಇದು ಸರಳ ಗ್ರೇಡ್, ಸಾಮಾನು ಏನೇನ್ ಒಯ್ಲಿ ಅಂತ ಕೇಳೀದಿ. ಅಕ್ಕಾ, ಮಗಾ ಅಷ್ಟು ಎತ್ತರಕ್ಕ ಹೊಂಟಾನಂತ ನೀ ಗಾಬರಿ ಆಗಬ್ಯಾಡ, ಆಕ್ಸಿಜನ್ ಸಿಲಿಂಡರ್ ಬೇಕಾಗಂಗಿಲ್ಲ. ಶಿಖರ ಸುಮಾರು 3600 ಮೀಟರ್ ಅಷ್ಟ.

ಸಾಮಾನು ಆಮ್ಯಾಲ, ಮೊದಲ ಗಡಿಯಾರ. ಬಾದಾಮ್ಯಾಗ ಬಂಡ್ಯಾಗ ಬಡದ ಬೋಲ್ಟ್ ಎಲ್ಲೈತಿ ಕಣ್ಣಿಗೆ ಕಾಣ್ತೈತಿ, ಬಿಲೇ ಮಾಡಾಂವ, ಅಂದ್ರ ಕೆಳಗ ಹಗ್ಗ ಹಿಡಿಯಾಂವ, ಗಟ್ಟಿ ನೆಲದ ಮ್ಯಾಲ ನಿಂತಿರ್ತಾನ. ಗ್ಲೇಸಿಯರ್, ಅಂದ್ರ ಹಿಮನದಿ ಮ್ಯಾಲ ನೆಲಾನ ನಂಬಂಗಿಲ್ಲ. ಆಳದ ಸೀಳುಗಳ ಮ್ಯಾಲ ಹಿಮ ಮುಚ್ಚಿ ಸೇತುವಿ ಆಗಿರ್ತೈತಿ. ರಾತ್ರಿ ಹೆಪ್ಪುಗಟ್ಟಿದ್ರ ನಸುಕಿನ್ಯಾಗ ಅದು ಆಳಿನ ಭಾರ ತಡೀತೈತಿ, ಬಿಸಲೇರಿದ ಮ್ಯಾಲ ಅದ ಸೇತುವಿ ನೆನದ ಹಪ್ಪಳ. ಅದಕ್ಕ ಹಿಂದಿನಿಂದ ಲೆಕ್ಕ ಹಾಕು. ಮುಂಜಾನೆ ಹತ್ತೂವರಿಗೆ ಗ್ಲೇಸಿಯರ್ ಇಳದಿರಬೇಕು. ಅಂದ್ರ ಎಂಟೂವರಿ ಸುಮಾರು ಶಿಖರ, ಆರಕ್ಕ 3019 ಮೀಟರಿನ ಸಿಮಿಲೌನ್ ಹಟ್ (ಹತ್ತೂ ಮಂದಿ ಉಣ್ಣೂ ಮಲಗೂ ಗುಡ್ಡದ ಮನಿ), ನಾಕಕ್ಕ 2501 ಮೀಟರಿನ ಮಾರ್ಟಿನ್ ಬುಷ್ ಹಟ್ ಬಿಡೂದು. ಒಂಬತ್ತೂವರಿಗೂ ಮ್ಯಾಲ ಮುಟ್ಟಿಲ್ಲಂದ್ರ, ನೂರು ಮೀಟರ್ ಉಳದಿದ್ರೂ ಅಲ್ಲಿಂದನ ಹೊಳ್ಳು.

ಬಾಳ ಮಂದಿ ಸಿಮಿಲೌನ್ ಹಟ್‌ನ್ಯಾಗನ ಮಲಗ್ತಾರ, ಎರಡು ತಾಸು ಹೆಚ್ಚು ನಿದ್ದಿ ಸಿಗ್ತೈತಿ ಅಂತ. ಸಿಗೂದಿಲ್ಲ. ಮ್ಯೂನಿಕ್ 520 ಮೀಟರ್, ಹೆಚ್ಚೂಕಡಿಮಿ ನಮ್ಮ ಬಾದಾಮಿ ಎತ್ತರನ. ಅಲ್ಲಿಂದ ಒಂದ ದಿನದಾಗ ಮೂರು ಸಾವಿರ ದಾಟಿ ಮಲಗಿದ್ರ ತಲಿನೋವು, ವಾಕರಿಕಿ, ರಾತ್ರಿಯೆಲ್ಲಾ ಹೊರಳಾಟ. ಕೆಳಗಿನ ಹಟ್‌ನ್ಯಾಗ ಮಲಗು. ಶನಿವಾರ 1895 ಮೀಟರಿನ ಫೆಂಟ್ ಹಳ್ಳಿಯಿಂದ ಎರಡೂವರಿ-ಮೂರು ತಾಸು ನಡದು ಮಧ್ಯಾಹ್ನ ಮುಟ್ಟು, ಬ್ಯಾಗ್ ಇಟ್ಟು, ಇನ್ನೊಂದು 300 ಮೀಟರ್ ಏರಿ ಇಳದ ಬಾ. ಮೈ ಒಗ್ತೈತಿ, ರವಿವಾರ ಕತ್ತಲ್ಯಾಗ ನಡ್ಯೂ ದಾರಿ ಬೆಳಕಿನ್ಯಾಗ ನೋಡಿದಂಗೂ ಆತು. ಅಂದಂಗ, 5000 ವರ್ಷದ ಹಿಂದಿನ ಎಟ್ಸಿ ಅನ್ನೂ ಮನಷ್ಯಾನ ಹೆಣ 1991ರಾಗ ಸಿಕ್ಕಿದ್ದು ಅಲ್ಲೇ ಹತ್ರ, 3210 ಮೀಟರಿನಾಗ. ಗೆಳ್ಯಾರು ನೋಡೂನು ಅಂದ್ರ ಇನ್ನೊಂದ್ ವಾರ ಅನ್ನು, ಈ ಸಲ ಟೈಮ್ ಕೂಡಂಗಿಲ್ಲ.

ಹವಾಮಾನದಾಗ ಬರೇ ಮಳಿ ನೋಡಬ್ಯಾಡ. ಶೂನ್ಯ ಡಿಗ್ರಿ ಎಷ್ಟು ಎತ್ತರಕ್ಕ ಐತಿ ನೋಡು. ಅದು 4000ದ ಮ್ಯಾಲಿದ್ದು ರಾತ್ರಿ ಮೋಡನೂ ಮುಚ್ಚಿದ್ರ ಹಿಮ ಗಟ್ಟಿ ಆಗೂದಿಲ್ಲ. ಆಕಾಶ ತಿಳಿ ಇದ್ರ ಹಿಮ ತನ್ನ ಕಾವು ಮ್ಯಾಲಕ್ಕ ಬಿಟ್ಟು ಗಾಳಿಗಿಂತ ಹೆಚ್ಚು ತಣ್ಣಗಾಗ್ತೈತಿ, ಮೋಡ ಬಂದ್ರ ಕಂಬಳಿ ಹೊಚ್ಚಿದಂಗ. ವರದಿ ಏನರ ಹೇಳ್ಲಿ, ಗ್ಲೇಸಿಯರ್ ಅಂಚಿನ್ಯಾಗ ಬೂಟು ಗಿಣ್ಣಿನ ಮಟಾ ಹುಗದ್ರ ಅವತ್ತಿನ ಕೆಲಸ ಮುಗೀತು, ಹಟ್‌ಗೆ ಹೋಗಿ ಚಾ ಕುಡೀರಿ.

ಈಗ ಹಗ್ಗ. ಎಡವೂದು ಇಲ್ಲೇ. 50 ಮೀಟರ್ ಹಗ್ಗ, ನೀರು ಹೀರದಂಥಾದ್ದು. ಇಬ್ಬರ ನಡುವ 12 ಮೀಟರ್ ಅಂದ್ರ ಮೂರು ಮಂದಿಗೆ 24 ಹೋತು. ಉಳದ 26ನ್ನ ಮುಂದಿನಾಂವ, ಹಿಂದಿನಾಂವ ಹದಿಮೂರು ಹದಿಮೂರು ಸುತ್ತಿ ಬ್ಯಾಗಿನಾಗ ಇಟ್ಕೋಬೇಕು, ಮ್ಯಾಲೆತ್ತಾಕ ಅದ ಬೇಕು. ಹೊಸಬರು ಹಗ್ಗ ಕೈಯಾಗ ಸುತ್ತಿ ಹಿಡಕೊಂಡು ಮಾತಾಡ್ಕೋಂತ ಹೊಂಟಬಿಡ್ತಾರ. ಆ ಸಡಿಲ ಅಷ್ಟೂ ಬೀಳೂ ಉದ್ದ ಆಗ್ತೈತಿ, ಜಗ್ಗಿದ ಏಟಿಗೆ ಎರಡನೇದಾಂವನೂ ಹೋಗ್ತಾನ. ಹಗ್ಗ ನಡುವ ಹಿಮಕ್ಕ ಸೋಕಿದಂಗ ಇರ್ಲಿ, ಅಷ್ಟ. 6 ಮಿಲಿಮೀಟರ್ ಹುರಿಯ ಪ್ರುಸಿಕ್ ಗಂಟು (ಸಡಿಲಿದ್ರ ಸರೀತೈತಿ, ಭಾರ ಬಿದ್ರ ಬಿಗೀತೈತಿ) ಗ್ಲೇಸಿಯರ್ ಹತ್ತೂಕಿಂತ ಮೊದಲನ ಹಗ್ಗಕ್ಕ ಹಾಕಿರ್ಬೇಕು, ಜೋತಾಡ್ಕೋಂತ ಕೈಗವಸಿನ್ಯಾಗ ಕಟ್ಟಾಕ ಬರಂಗಿಲ್ಲ.

ಮುಂದಿನಾಂವ ಬಿದ್ರ ನಡುವಿನಾಂವ ಹಿಂದಕ್ಕ ಕೂತು, ಹಿಮ್ಮಡಿ ಒದ್ದು ಭಾರ ಹಿಡೀಬೇಕು. ಹಿಂದಿನಾಂವ ಪ್ರುಸಿಕ್ ಸರಸ್ಕೋಂತ ಮುಂದ ಬಂದು, ಎಳತಕ್ಕ ಅಡ್ಡ ಮೊಣಕಾಲುದ್ದ ತೆಗ್ಗ ತಗದು, ಐಸ್ ಆಕ್ಸಿನ (ಹಿಮದ ಕೊಡಲಿ) ನಡುವ ಸ್ಲಿಂಗ್, ಅಂದ್ರ ಪಟ್ಟಿ ಕುಣಿಕಿ ಕಟ್ಟಿ ಹೂತು ತುಳೀಬೇಕು. ಸ್ಲಿಂಗ್ ಹೊರಗ ಬರಾಕ ಬ್ಯಾರೇ ಸಣ್ಣ ಗೆರಿ ಕೊರೀದಿದ್ರ ಅದು ಆಕ್ಸ್‌ನ್ನ ಮ್ಯಾಲಕ್ಕ ಎಬ್ಬಿಸಿಬಿಡ್ತೈತಿ. ಆಮ್ಯಾಲ ಭಾರ ಅದಕ್ಕ ದಾಟಸಿ, ಉಳದ ಹಗ್ಗದಾಗ ರಾಟಿ ಹಾಕಿ ಕೆಳಗ ಬಿಡು. ಸೀಳಿನ ತುಟಿಗೆ ಬ್ಯಾಗರ ಇಡು, ಇಲ್ಲಂದ್ರ ಹಗ್ಗ ಹಿಮದಾಗ ಕೊರದು ಸಿಕ್ಕಿಬೀಳ್ತೈತಿ. ಇದನ್ನ ಪಾರ್ಕಿನ್ಯಾಗ ಮೂವರೂ ಮೂರ್ನಾಕ್ ಸಲ ಮಾಡಿ ನೋಡ್ರಿ. ಒಬ್ಬಾಂವ ಕೈ ಎತ್ತಿ ಇಬ್ಬರ ಉಳದ್ರ ಗ್ಲೇಸಿಯರ್ ಬ್ಯಾಡ. ಒಬ್ಬಾಂವ ಭಾರ ಹಿಡಕೊಂಡು ತೆಗ್ಗ ತಗ್ಯೂದು ಹೊಸಬರ ಕೈಲೆ ಆಗೂದಲ್ಲ.

ಬೇಸಿಗಿ ಕೊನಿಗೆ ಹಿಮ ಕರಗಿ ಬರೇ ಐಸ್ ಉಳದ್ರ ಲೆಕ್ಕ ಬ್ಯಾರೆ. ಸೀಳು ಕಾಣ್ತಾವು, ಖರೆ, ಆದ್ರ ಏರಿನ್ಯಾಗ ಒಬ್ಬಾಂವ ಜಾರಿದ್ರ ಅದ ಹಗ್ಗ ಮೂವರನ್ನೂ ಎಳೀತೈತಿ. ಅದಕ್ಕ ಹಗ್ಗ ಕಟ್ಟಾಕ ಐಸಿನ್ಯಾಗ ತಿರುವಿ ಕೂಡ್ಸೂ ಐಸ್ ಸ್ಕ್ರೂ ತಲಿಗೊಂದು ಇರ್ಲಿ.

ಕ್ರ್ಯಾಂಪಾನ್ (ಬೂಟಿನ ಕೆಳಗ ಕಟ್ಟೂ ಹಲ್ಲಿನ ಚೌಕಟ್ಟು) ಬಾಡಗಿ ತೊಗೊ, ಆದ್ರ ನಿನ್ನ ಬೂಟಿಗೆ ಮನ್ಯಾಗನ ಹೊಂದಿಸು. ಪಟ್ಟಿ ಕಟ್ಟದ ಬೂಟು ಝಾಡಿಸಿದ್ರೂ ಬೀಳಬಾರ್ದು. ಉಕ್ಕಿಂದ ಹನ್ನೆರಡು ಹಲ್ಲಿಂದು, ಕೆಳಗ ಹಿಮ ಅಂಟದ ಪ್ಲಾಸ್ಟಿಕ್ ತಟ್ಟಿ ಇರೂದು. ಹಟ್‌ಗೆ ಒಳಚೀಲ (ಒಳಗ ಹೊಕ್ಕು ಮಲಗೂ ತೆಳು ಅರಬಿ ಚೀಲ) ಬೇಕ ಬೇಕು, ರೊಕ್ಕ ನಗದು ಇರ್ಲಿ, ಮಾಂಸ ತಿನ್ನೂದಿಲ್ಲ ಅಂತ ಬುಕ್ ಮಾಡೂಮುಂದನ ಹೇಳು. ಡಬ್ಬ್ಯಾಗ ಅಮೀನಗಡ ಕರದಂಟು ಉಳದಿದ್ರ ಅದಕಿಂತ ಒಳ್ಳೇ ಬುತ್ತಿ ಇಲ್ಲ, ಚಳಿಗೆ ಕಲ್ಲಾಗ್ತೈತಿ, ಬೆರಳುದ್ದ ತುಂಡ ಮಾಡಿ ಅಂಗಿ ಒಳಗಿನ ಕಿಸೇದಾಗ ಇಡು. ಫೋನೂ ಅಲ್ಲೇ. 140 ಆಸ್ಟ್ರಿಯಾದ ಪರ್ವತ ರಕ್ಷಣಾ ನಂಬರ್, ಮ್ಯಾಲಿನ ಹಟ್ ಇಟಲಿ ಕಡೆ ಬರ್ತೈತಿ, 112 ಎರಡೂ ಕಡೆ ನಡೀತೈತಿ. ನೆಟ್‌ವರ್ಕ್ ಇರದಿದ್ರ ನಿಮಿಷಕ್ಕ ಆರು ಸಲ ಸೀಟಿ ಇಲ್ಲಾ ಬ್ಯಾಟರಿ ಬೆಳಕು, ಒಂದು ನಿಮಿಷ ಬಿಟ್ಟು ಮತ್ತ ಆರು. ಅಲ್ಪೈನ್ ಕ್ಲಬ್ ಸದಸ್ಯ ಆಗು, ಹೆಲಿಕಾಪ್ಟರ್ ಖರ್ಚಿನ ಇನ್ಶೂರನ್ಸೂ ಬರ್ತೈತಿ, ಹಾಸಿಗಿನೂ ಅಗ್ಗ.

ಬುಧವಾರದೊಳಗ ಬೂಟಿಗೆ ಕ್ರ್ಯಾಂಪಾನ್ ಕಟ್ಟಿ ಎರಡೂ ಬಾಜೂಕಿಂದ ಫೋಟೋ ಹಾಕು, ನೋಡಿ ಹೇಳ್ತೀನಿ.