ತಾತನ ಟ್ರಂಕಿನಲ್ಲಿ ಸಿಕ್ಕ ಮಿಲಿಟರಿ ಗಾಡಿ ಬಾವುಟ: ಗುರುತಿಸೋದು ಹೇಗೆ?

ಕೇಳಿದವರು: ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿ ಕಡೆ ಆರ್‌ಐಎಎಸ್‌ಸಿ (ಸೈನ್ಯಕ್ಕೆ ಸಾಮಾನು ಸಾಗಿಸೋ ವಿಭಾಗ) ಡ್ರೈವರ್. ಟ್ರಂಕಲ್ಲಿ ಮೂರಿವೆ: ಕೆಂಪು-ಬಿಳಿ-ಕೆಂಪು ಅಡ್ಡಪಟ್ಟಿಯದು, ಬರೀ ಹಸಿರಿನದು, ಹಳದಿ ವೃತ್ತದಲ್ಲಿ ಕೆಂಪು ಹುಂಜ ಇರೋ ತುಂಡು. ಫ್ರೇಮ್ ಹಾಕಿಸೋ ಆಸೆ, ಗೊತ್ತಿರೋರು ಹೇಳಿ.

ಹಳೇಖಾಕಿ: ಮೊದಲನೆಯದನ್ನ ಫೋಟೋ ತೆಗೆದು ಹುಡುಕಿದ್ರೆ ಫೋನು ಆಸ್ಟ್ರಿಯಾ ಬಾವುಟ ಅನ್ನುತ್ತೆ, ನಂಬಬೇಡಿ. ಬ್ರಿಟಿಷ್ ಪದ್ಧತಿಯಲ್ಲಿ ಅದು ಕೋರ್‌ದು, ಅಂದ್ರೆ ಕೆಲವು ಡಿವಿಷನ್ ಸೇರಿದ ಪಡೆಯದ್ದು. ಕೆಂಪು-ಕಪ್ಪು-ಕೆಂಪು ಆದ್ರೆ ಅದಕ್ಕಿಂತ ದೊಡ್ಡ ಪಡೆ ಆರ್ಮಿ, ಬರೀ ಕೆಂಪಾದ್ರೆ ಡಿವಿಷನ್. ಯಾವ ಕೋರ್ ಅನ್ನೋದನ್ನ ಬಾವುಟದ ಮೇಲೆ ಹೊಲಿದ ಚಿಹ್ನೆ ಹೇಳುತ್ತೆ. ನಾಲ್ಕನೇ ಕೋರ್‌ಗೆ ಆನೆ. ಯಾರಾದ್ರೂ ಚಿಹ್ನೆ ಬಿಚ್ಚಿ ತೆಗೆದಿದ್ರೆ ಬಟ್ಟೆನ ಕಿಟಕಿಗೆ ಅಡ್ಡ ಹಿಡೀರಿ: ಸೂಜಿ ತೂತಿನ ಸಾಲು, ಒಳಗೆ ಬಣ್ಣ ಮಾಸದ ಜಾಗ, ಅದೇ ಆಕಾರ. ಹುಂಜ 23ನೇ ಇಂಡಿಯನ್ ಡಿವಿಷನ್ನು. 1944ರಲ್ಲಿ ಇಂಫಾಲ, ಆಮೇಲೆ ಜಾವಾ. ಯುದ್ಧಕಾಲದ್ದೇ, ಅನುಮಾನ ಬೇಡ.

ನೂಲೆಳೆ: ಬೇಡ ಅಂದ್ರೆ ಹೇಗೆ ಸಾರ್? 1962ರಲ್ಲಿ ಹೊಸದಾಗಿ ಕಟ್ಟಿದ ನಾಲ್ಕನೇ ಕೋರ್‌ಗೂ ಆನೆಯೇ. ಚಿಹ್ನೆಯಿಂದ ಕಾಲ ಹೇಳಕ್ಕಾಗಲ್ಲ, ಬಟ್ಟೆ ನೋಡಬೇಕು. ಅಂಚಿನ ಒಂದೆಳೆ ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದ್ರೆ ಉಣ್ಣೆ, ಕಾಗದದ ವಾಸನೆ ಹತ್ತಿ, ಕರಗಿ ಗಟ್ಟಿ ಮಣಿಯಾದ್ರೆ ಪಾಲಿಯೆಸ್ಟರ್‌ನಂಥ ಸಿಂಥೆಟಿಕ್, ಅಂದ್ರೆ ಹೆಚ್ಚಾಗಿ ಯುದ್ಧ ಮುಗಿದ ಮೇಲಿಂದು. ಹೊಲಿಗೆ ದಾರಾನೂ ಬೇರೆಯಾಗಿ ಸುಡಿ; ನಕಲಿ ಮಾಡೋರು ಹಳೇ ಬಟ್ಟೆ ಹುಡುಕ್ತಾರೆ, ದಾರ ಮರೀತಾರೆ. ಆಮೇಲೆ ಕತ್ತಲೆ ಕೋಣೇಲಿ 365 ನ್ಯಾನೋಮೀಟರ್ ಯುವಿ ಟಾರ್ಚ್. ಅಗ್ಗ ಅಂತ 395ರದ್ದು ತಗೋಬೇಡಿ, ಅದರ ನೇರಳೆ ಬೆಳಕೇ ಕಣ್ಣಿಗೆ ಮೋಸ ಮಾಡುತ್ತೆ. ಬಿಳಿ ಪಟ್ಟಿ ನೀಲಿಯಾಗಿ ಹೊಳೆದ್ರೆ ಹೊಸ ಬಟ್ಟೆಗೆ ಹಾಕೋ ಹೊಳಪಿನ ರಾಸಾಯನಿಕ ಇದೆ ಅಂತ, ಅಂದ್ರೆ ನಕಲಿ.

ಹಳೇಖಾಕಿ: ತೀರ್ಪು ಕೊಟ್ಟೇಬಿಟ್ರಾ! ಈಗಿನ ಸೋಪಿನ ಪುಡೀಲೇ ಆ ಹೊಳಪಿನ ರಾಸಾಯನಿಕ ಇರುತ್ತೆ. ಯಾರೋ ಒಂದ್ಸಲ ನೆನೆಸಿ ಒಗೆದಿದ್ರೂ ಅಸಲಿ ಹೊಳೆಯುತ್ತೆ.

ನೂಲೆಳೆ: ಬಟ್ಟೆ ಮಂಕಾಗಿದ್ದು ದಾರ ಒಂದೇ ಹೊಳೆದ್ರೆ? ಆಗೇನಂತೀರಿ?

ಹಳೇಖಾಕಿ: ಆಮೇಲೆ ಯಾರೋ ರಿಪೇರಿ ಮಾಡಿದ್ದಾರೆ ಅಂತೀನಿ.

ಕೊನೆಗಾಡಿ: ಜಗಳದಲ್ಲಿ ಹಸಿರು ಮರೆತೇಹೋಯ್ತು. ಅದು ಕಾನ್ವಾಯ್ (ಸಾಲಾಗಿ ಹೋಗೋ ಮಿಲಿಟರಿ ಗಾಡಿಗಳು) ಬಾವುಟ: ಮುಂದಿನ ಗಾಡಿಗೆ ನೀಲಿ, ಕಟ್ಟಕಡೆಯದಕ್ಕೆ ಹಸಿರು. ಯಾವ ಯೂನಿಟ್ಟಾದ್ರೂ ಕಟ್ಟುತ್ತೆ, ಅದರಿಂದ ಪಡೆ ಗೊತ್ತಾಗಲ್ಲ. ಕಡ್ಡಿ ತೂರಿಸೋ ಕಡೆ ತುಕ್ಕಿನ ಕಲೆ, ಎದುರು ಅಂಚು ಗಾಳಿಗೆ ಹರಿದು ಎಳೆಎಳೆ ಆಗಿದ್ರೆ ಓಡಾಡಿದ ಬಾವುಟ. ಎರಡೂ ಅಂಚು ನೀಟಾಗಿದ್ರೆ ಕಟ್ಟೇ ಇಲ್ಲ. ಇನ್ನೊಂದು, ಕೋರ್ ಬಾವುಟ ಹಿಂದಿನ ಸೀಟಲ್ಲಿ ಕೂತ ಅಧಿಕಾರಿಯದ್ದು, ಡ್ರೈವರ್‌ದಲ್ಲ. ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿ ಯೂನಿಟ್, ತಾರೀಕು ನೋಡದೆ ಫ್ರೇಮಿನ ಕೆಳಗೆ ಏನೂ ಬರೆಸಬೇಡಿ.

ನೂಲೆಳೆ: ಒಗೆಯಲೂಬೇಡಿ, ಕೆಂಪು ಬಿಳಿಗೆ ಹತ್ತಿದ್ರೆ ಹೋಗಲ್ಲ. ಫ್ರೇಮಿಗೆ ಅಂಟು ಹಾಕೋ ಅಂಗಡಿಗೆ ಕೊಡಬೇಡಿ. ಆಮ್ಲವಿಲ್ಲದ ರಟ್ಟಿನ ಮೇಲೆ ಹತ್ತಿ ಬಟ್ಟೆ, ಅದಕ್ಕೆ ಸಡಿಲ ಹೊಲಿಗೆ, ಬಾವುಟ ಗಾಜಿಗೆ ತಾಗಬಾರದು.

ಹಳೇಖಾಕಿ: ಹೊಲಿದ್ರೆ ಹೊಸ ತೂತು! ಈಗಷ್ಟೇ ತೂತು ನೋಡಿ ಚಿಹ್ನೆ ಹುಡುಕಿ ಅಂದಿದ್ದೀನಿ. ಮಡಚದೆ ಡ್ರಾಯರಲ್ಲಿ ಇಡೋದೇ ಸರಿ.

ನೂಲೆಳೆ: ಫೋಟೋ ತೆಗೆದು ಆಮೇಲೆ ಹೊಲೀರಿ ಅಂದ್ರೆ ಮುಗೀತು. ಡ್ರಾಯರಲ್ಲಿ ಹುಳ ತಿಂದ್ರೆ ನೀವು ಬರ್ತೀರಾ?